ಕನ್ನಡಕದ ನಂಬರು ಯಾರ ಸ್ವತ್ತು?

ಕಳೆದ ಅಡಿಕೆ ಸುಗ್ಗಿಯಲ್ಲಿ ಲಕ್ಕವಳ್ಳಿಗೆ ಹೋಗಿದ್ದೆ. ಭದ್ರಾ ಅಣೆಕಟ್ಟಿನ ಆ ಊರು ನನ್ನ ಹುಟ್ಟೂರು. ಸೇವೆಯಲ್ಲಿದ್ದಷ್ಟು ಕಾಲ ವರ್ಷಕ್ಕೊಮ್ಮೆ ಹಬ್ಬಕ್ಕೆ ಮುಖ ತೋರಿಸಿ ಬರುತ್ತಿದ್ದವನು, ನಿವೃತ್ತಿಯ ನಂತರ ಸುಗ್ಗಿಯ ಹತ್ತು ಹದಿನೈದು ದಿನ ಅಲ್ಲಿಯೇ ಉಳಿಯುವ ರೂಢಿ ಮಾಡಿಕೊಂಡಿದ್ದೇನೆ. ಜಗುಲಿಯಲ್ಲಿ ಒಣಗಿದ ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಆರಿಸಿ ಬೇರೆ ಮಾಡುವ ಕೆಲಸ ನಡೆದಿತ್ತು. ನಲವತ್ತು ವರ್ಷ ಆ ಕೆಲಸದ ಯಜಮಾನಿಕೆ ನಡೆಸಿದ ನನ್ನ ಅತ್ತಿಗೆ ಮಾತ್ರ ಬಾಗಿಲ ಬಳಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ಅವರ ಮೂಗಿನ ಮೇಲಿದ್ದ ದಪ್ಪ ಕಪ್ಪು ಚೌಕಟ್ಟಿನ ಕನ್ನಡಕವನ್ನು ನೋಡಿದೊಡನೆ ಗುರುತು ಹಿಡಿದೆ. ಅದು ತೀರಿಕೊಂಡ ನನ್ನ ಅಣ್ಣನದು.

ಕೇಳಿದಾಗ ಅತ್ತಿಗೆ ನಕ್ಕರು. ‘ಅವರದ್ದೇ ಇತ್ತಲ್ಲ, ಒಂದು ಕಣ್ಣಿಗೆ ಅಷ್ಟಿಷ್ಟು ಕಾಣತ್ತೆ’ ಎಂದರು. ಅಡಿಕೆ ಆರಿಸುವುದನ್ನು ಬಿಟ್ಟು ನಾಲ್ಕು ವರ್ಷವಾಯಿತಂತೆ. ಬೆಟ್ಟೆ ಯಾವುದು ಗೊರಬಲು ಯಾವುದು ಎಂದು ಬೆರಳಿಗೆ ಪೂರ್ತಿ ತಿಳಿಯುವುದಿಲ್ಲ, ಕಣ್ಣು ಬೇಕು. ಹೊಸ ಕನ್ನಡಕ ಯಾಕೆ ಮಾಡಿಸಲಿಲ್ಲ ಎಂಬ ಪ್ರಶ್ನೆಗೆ ಅವರ ಬಳಿ ಸಿದ್ಧ ಉತ್ತರವಿತ್ತು. ಬೆಂಗಳೂರಿನಲ್ಲಿರುವ ಕಿರಿಯ ಮಗ ತನ್ನ ಕನ್ನಡಕಕ್ಕೆ ಹದಿನಾಲ್ಕು ಸಾವಿರ ಕೊಟ್ಟನೆಂಬುದು ಅವರ ಕಿವಿಗೆ ಬಿದ್ದಿತ್ತು. ‘ಅಷ್ಟು ದುಡ್ಡು ಸುರಿದು ಬತ್ತಿ ಹೊಸೆಯೋಕೆ ಕನ್ನಡಕ ಬೇಕಾ ಮಾರಾಯ?’

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಈ ಮಾತು ಚುಚ್ಚಿತು. ಅತ್ತಿಗೆ ಬೆಲೆ ಕೊಡಲಾರದೆ ಹಿಂದೆ ಸರಿದವರಲ್ಲ. ಬೆಲೆ ಎಷ್ಟೆಂದು ಯಾರೂ ಹೇಳದ ಕಾರಣ, ಮಗನ ಬಿಲ್ಲಿನ ಮೊತ್ತವನ್ನೇ ಕನ್ನಡಕದ ಬೆಲೆಯೆಂದು ತಿಳಿದು ಹಿಂದೆ ಸರಿದವರು. ಒಂದು ವಾರದ ಬಳಿಕ ತರೀಕೆರೆಯಲ್ಲಿ ಅವರಿಗೆ ಮಾಡಿಸಿದ ಚಾಳೀಸು ಕನ್ನಡಕಕ್ಕೆ ತಗುಲಿದ್ದು ಫ್ರೇಮೂ ಸೇರಿ 650 ರೂಪಾಯಿ.

ಆ ತರೀಕೆರೆಯ ಪ್ರಯಾಣಕ್ಕೆ ಕಾರಣವಾದದ್ದು ಅತ್ತಿಗೆಯ ಕಣ್ಣಲ್ಲ, ನನ್ನದೇ ಅಜಾಗರೂಕತೆ. ತೋಟದ ಕಾಲುಸಂಕ ದಾಟುವಾಗ ಕನ್ನಡಕ ಜಾರಿ ಕಲ್ಲಿನ ಮೇಲೆ ಬಿತ್ತು. ಒಂದು ಗಾಜು ಸೀಳಿತು, ಇನ್ನೊಂದು ಹಳ್ಳದ ಪಾಲಾಯಿತು. ಒಂದೂವರೆ ವರ್ಷದ ಹಿಂದೆ ಬೆಂಗಳೂರಿನ ದೊಡ್ಡ ಮಳಿಗೆಯೊಂದರಲ್ಲಿ 17,800 ರೂಪಾಯಿ ತೆತ್ತು ಮಾಡಿಸಿಕೊಂಡ ಪ್ರೊಗ್ರೆಸಿವ್ ಕನ್ನಡಕ ಅದು. ದೂರ, ನಡು, ಹತ್ತಿರ ಮೂರನ್ನೂ ಒಂದೇ ಗಾಜಿನಲ್ಲಿ ತೋರಿಸುವಂಥದ್ದು. ಅದಿಲ್ಲದೆ ನಾನು ಪತ್ರಿಕೆ ಓದಲಾರೆ, ಬಸ್ಸಿನ ಬೋರ್ಡೂ ಓದಲಾರೆ. ಮಳಿಗೆಗೆ ಫೋನು ಮಾಡಿ, ನನ್ನ ನಂಬರು ನಿಮ್ಮ ಕಂಪ್ಯೂಟರಿನಲ್ಲಿದೆ, ದಯವಿಟ್ಟು ಓದಿ ಹೇಳಿ, ಇಲ್ಲಿಯೇ ಮಾಡಿಸಿಕೊಳ್ಳುತ್ತೇನೆ ಎಂದೆ. ಆ ಕಡೆಯಿದ್ದ ಹುಡುಗಿ ಬಹಳ ಸೌಜನ್ಯದಿಂದ, ‘ನಂಬರ್ ಹೊರಗೆ ಕೊಡೋ ಪದ್ಧತಿ ಇಲ್ಲ ಸರ್, ನೀವು ಬಂದ್ರೆ ಹೊಸ ಟೆಸ್ಟ್ ಫ್ರೀಯಾಗಿ ಮಾಡ್ತೀವಿ’ ಎಂದಳು. ನನ್ನ ಕಣ್ಣಿನ ಅಳತೆಯನ್ನು ನನಗೇ ಕೊಡುವ ಪದ್ಧತಿ ಇಲ್ಲ! ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಕಡತಗಳ ನಡುವೆ ಬದುಕಿದ ನನಗೆ ಇಂಥ ಉತ್ತರಗಳು ಹೊಸತಲ್ಲ. ಆದರೆ ಅವನ್ನು ಕೊಡುವವರು ಸರ್ಕಾರಿ ಕಚೇರಿಯವರು ಮಾತ್ರ ಎಂದು ಭಾವಿಸಿದ್ದೆ.

ಲಕ್ಕವಳ್ಳಿಯಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವರಿಲ್ಲ. ತರೀಕೆರೆಗೋ ಭದ್ರಾವತಿಗೋ ಬಸ್ಸು ಹಿಡಿಯಬೇಕು, ದೊಡ್ಡ ತೊಂದರೆಯಾದರೆ ಶಿವಮೊಗ್ಗ. ಅತ್ತಿಗೆಯನ್ನೂ ಹೊರಡಿಸಿಕೊಂಡು ತರೀಕೆರೆಗೆ ಹೋದೆ. ಸಣ್ಣ ಅಂಗಡಿ, ಅದರ ಹಿಂದೆ ಪರದೆ ಕಟ್ಟಿದ ಕತ್ತಲ ಕೋಣೆ. ಅಂಗಡಿಯಾತ ಇಬ್ಬರಿಗೂ ತಾಳ್ಮೆಯಿಂದ ಪರೀಕ್ಷೆ ಮಾಡಿದ, ತಲಾ 100 ರೂಪಾಯಿ ತೆಗೆದುಕೊಂಡ. ನನ್ನ ಹೊಸ ಪ್ರೊಗ್ರೆಸಿವ್ ಕನ್ನಡಕಕ್ಕೆ ಫ್ರೇಮೂ ಸೇರಿ 4,200 ರೂಪಾಯಿ ಆಯಿತು, ನಾಲ್ಕು ದಿನದಲ್ಲಿ ಸಿಕ್ಕಿತು. ಹಳೆಯದಕ್ಕೆ ಹೋಲಿಸಿದರೆ ಬದಿಯ ನೋಟ ತುಸು ಮಸುಕು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಮೆಟ್ಟಿಲಿಳಿಯುವಾಗ ಕತ್ತು ಸ್ವಲ್ಪ ಹೆಚ್ಚು ಬಗ್ಗಿಸಬೇಕು. ಆ ವ್ಯತ್ಯಾಸದ ಬೆಲೆ 13,600 ರೂಪಾಯಿಯೇ? ಇರಬಹುದು, ಇಲ್ಲದಿರಬಹುದು. ಅದನ್ನು ತೂಗಿ ನೋಡುವ ಅವಕಾಶ ಬೆಂಗಳೂರಿನಲ್ಲಿ ನನಗೆ ಯಾರೂ ಕೊಟ್ಟಿರಲಿಲ್ಲ ಎಂಬುದಷ್ಟೇ ಇಲ್ಲಿಯ ವಿಷಯ.

ಕನ್ನಡಕ ದುಬಾರಿ ಎಂಬ ಮಾತು ಬಂದಾಗಲೆಲ್ಲ ಎರಡು ವಿವರಣೆಗಳು ಕೇಳಿಬರುತ್ತವೆ. ಒಂದು, ತೆರಿಗೆ. ಇನ್ನೊಂದು, ವಿದೇಶಿ ದೈತ್ಯ ಕಂಪನಿಗಳ ಏಕಸ್ವಾಮ್ಯ. ಎರಡರಲ್ಲೂ ಸತ್ಯಾಂಶವಿದೆ, ಎರಡೂ ಪೂರ್ಣ ಸತ್ಯವಲ್ಲ.

ತೆರಿಗೆಯ ಮಾತು ಬೇಗ ಮುಗಿಯುತ್ತದೆ. ದೃಷ್ಟಿದೋಷದ ಕನ್ನಡಕ, ಅದರ ಗಾಜು ಮತ್ತು ಫ್ರೇಮುಗಳ ಮೇಲಿದ್ದ ಶೇ 12ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿಸಲಾಗಿದೆ. ಸ್ವಾಗತಾರ್ಹ ಕ್ರಮ. ಆದರೆ ತೆರಿಗೆ ಬಿಟ್ಟು 10,000 ರೂಪಾಯಿ ಬೆಲೆಯ ಕನ್ನಡಕಕ್ಕೆ ಇದರಿಂದ ಉಳಿಯುವುದು 700 ರೂಪಾಯಿ. ಅದೂ ಅಂಗಡಿಯವನು ಮೂಲ ಬೆಲೆಯನ್ನು ಏರಿಸದಿದ್ದರೆ. ಒಂದೇ ನಂಬರಿನ ಕನ್ನಡಕಕ್ಕೆ ಎರಡು ಅಂಗಡಿಗಳ ನಡುವೆ ಸಾವಿರಾರು ರೂಪಾಯಿಗಳ ಅಂತರವಿರುವಾಗ ತೆರಿಗೆಯನ್ನು ಮೂಲ ರೋಗವೆನ್ನಲಾಗದು.

ಏಕಸ್ವಾಮ್ಯದ ಕಥೆ ಹೆಚ್ಚು ರೋಚಕ. ಇಟಲಿಯ ಅಗೋರ್ದೋ ಎಂಬ ಪರ್ವತದೂರಿನಲ್ಲಿ ಲಿಯೊನಾರ್ದೊ ದೆಲ್ ವೆಕಿಯೊ 1961ರಲ್ಲಿ ಆರಂಭಿಸಿದ ಲುಕ್ಸಾಟಿಕಾ ಎಂಬ ಕಾರ್ಖಾನೆ 1999ರಲ್ಲಿ ರೇಬಾನ್, 2007ರಲ್ಲಿ ಓಕ್ಲೆ ಕಂಪನಿಗಳನ್ನು ಕೊಂಡಿತು. ಪ್ರಾಡಾ, ಅರ್ಮಾನಿಯಂಥ ಹೆಸರುಗಳನ್ನು ಪರವಾನಗಿ ಪಡೆದು ತನ್ನ ಫ್ರೇಮುಗಳ ಮೇಲೆ ಅಚ್ಚೊತ್ತಿತು. ಅಮೆರಿಕದ ಲೆನ್ಸ್‌ಕ್ರಾಫ್ಟರ್ಸ್ ಎಂಬ ಅಂಗಡಿಗಳ ಸಾಲನ್ನೂ 1995ರಲ್ಲಿಯೇ ಕೊಂಡಿತ್ತು. ಗಾಜಿನ ಕಡೆಯಲ್ಲಿ ಫ್ರಾನ್ಸಿನ ಎಸ್ಸಿಲಾರ್ ಅಷ್ಟೇ ದೊಡ್ಡದು. 2018ರಲ್ಲಿ ಈ ಎರಡೂ ಒಂದಾದವು. ಯುರೋಪು, ಅಮೆರಿಕಗಳ ಸ್ಪರ್ಧಾ ನಿಯಂತ್ರಕರು ಈ ವಿಲೀನಕ್ಕೆ ಅಡ್ಡಿ ಮಾಡಲಿಲ್ಲ. ಹೀಗೆ ಫ್ರೇಮು ಮಾಡುವವರು, ಗಾಜು ಮಾಡುವವರು, ಎರಡನ್ನೂ ಮಾರುವವರು ಒಂದೇ ಸೂರಿನಡಿ ಬಂದರು. ಮಹಾನಗರದ ಮಾಲಿನಲ್ಲಿ ಬೇರೆ ಬೇರೆ ಹೆಸರಿನ ನಾಲ್ಕು ಫ್ರೇಮುಗಳ ನಡುವೆ ಆಯ್ಕೆ ಮಾಡುವ ಗ್ರಾಹಕ, ನಾಲ್ಕೂ ಒಂದೇ ಮನೆಯಿಂದ ಬಂದಿರಬಹುದೆಂದು ಊಹಿಸಲಾರ.

ಆದರೆ ತರೀಕೆರೆಯಲ್ಲಿ, ಕಡೂರಿನಲ್ಲಿ, ಬೆಂಗಳೂರಿನ ಅವೆನ್ಯೂ ರಸ್ತೆ, ಚಿಕ್ಕಪೇಟೆಗಳ ಗಲ್ಲಿಗಳಲ್ಲಿ ಏಕಸ್ವಾಮ್ಯ ಎಲ್ಲಿದೆ? ನಮ್ಮ ದೇಶದಲ್ಲಿ ಕನ್ನಡಕದಂಗಡಿಗಳಿಗೆ ಬರವಿಲ್ಲ. ಟೈಟಾನ್ 2007ರಲ್ಲಿ ಈ ವ್ಯಾಪಾರಕ್ಕೆ ಇಳಿಯಿತು. ಚಿಕ್ಕಬಳ್ಳಾಪುರದಲ್ಲಿ ಸ್ವಂತ ಗಾಜಿನ ಕಾರ್ಖಾನೆ ನಡೆಸುತ್ತಿದೆ. ಅಂತರ್ಜಾಲದ ಮೂಲಕ ಮಾರಾಟ ಆರಂಭಿಸಿದ ಲೆನ್ಸ್‌ಕಾರ್ಟ್ ಊರೂರಿಗೆ ಮಳಿಗೆ ತೆರೆದು 2025ರ ನವೆಂಬರಿನಲ್ಲಿ ಷೇರು ಮಾರುಕಟ್ಟೆಗೂ ಬಂತು. ಇಷ್ಟು ಮಾರಾಟಗಾರರಿದ್ದ ಮೇಲೆ, ನಾವು ಕಾಲೇಜಿನಲ್ಲಿ ಓದಿದ ಪ್ರಕಾರ, ಬೆಲೆ ಉತ್ಪಾದನಾ ವೆಚ್ಚದ ಹತ್ತಿರಕ್ಕೆ ಇಳಿಯಬೇಕು. ಯಾಕೆ ಇಳಿಯುತ್ತಿಲ್ಲ?

ಇದಕ್ಕೆ ಉತ್ತರವನ್ನು ಪೀಟರ್ ಡೈಮಂಡ್ ಎಂಬ ಅರ್ಥಶಾಸ್ತ್ರಜ್ಞ 1971ರಲ್ಲಿಯೇ ಕೊಟ್ಟಿದ್ದರು. 2010ರ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡವರು ಅವರು. ಅವರ ತರ್ಕ ಸರಳ, ಫಲಿತಾಂಶ ಮಾತ್ರ ಬೆಚ್ಚಿಬೀಳಿಸುವಂಥದ್ದು. ಒಂದು ಅಂಗಡಿಯಿಂದ ಇನ್ನೊಂದು ಅಂಗಡಿಗೆ ಹೋಗಿ ಬೆಲೆ ವಿಚಾರಿಸಲು ಗ್ರಾಹಕನಿಗೆ ಅಲ್ಪಸ್ವಲ್ಪವಾದರೂ ಖರ್ಚೋ ಶ್ರಮವೋ ತಗುಲುವುದಾದರೆ, ಪ್ರತಿ ಅಂಗಡಿಯವನೂ ಆ ಶ್ರಮದಷ್ಟು ಬೆಲೆಯನ್ನು ಧೈರ್ಯವಾಗಿ ಏರಿಸಬಹುದು. ಎಲ್ಲರೂ ಹಾಗೆ ಏರಿಸಿದಾಗ ಮತ್ತೊಮ್ಮೆ ಏರಿಸಬಹುದು. ಹೀಗೆ ನೂರು ಅಂಗಡಿಗಳಿದ್ದರೂ ಬೆಲೆ ಏಕಸ್ವಾಮ್ಯದ ಮಟ್ಟಕ್ಕೇ ಹೋಗಿ ನಿಲ್ಲುತ್ತದೆ. ಯಾರೂ ಯಾರೊಂದಿಗೂ ಒಳಒಪ್ಪಂದ ಮಾಡಿಕೊಳ್ಳಬೇಕಾಗಿಲ್ಲ. ಯಾರೂ ದುಷ್ಟರಾಗಬೇಕಾಗಿಲ್ಲ.

ಕನ್ನಡಕದ ವ್ಯಾಪಾರಕ್ಕೆ ಇದು ಅಳತೆ ತೆಗೆದು ಹೊಲಿದಂತೆ ಹೊಂದುತ್ತದೆ. ನಾವು ಎರಡು ಮೂರು ವರ್ಷಕ್ಕೊಮ್ಮೆ ಕನ್ನಡಕ ಕೊಳ್ಳುತ್ತೇವೆ, ಬೆಲೆ ನೆನಪಿರುವುದಿಲ್ಲ. ನೆನಪಿದ್ದರೂ ಕಳೆದ ಬಾರಿಯ ಗಾಜಿಗೂ ಈ ಬಾರಿಯದಕ್ಕೂ ಹೆಸರೇ ಬೇರೆ. 1.56, 1.6, 1.67 ಎಂಬ ವಕ್ರೀಭವನಾಂಕಗಳು, ಗೀರು ಬೀಳದ ಲೇಪ, ಪ್ರತಿಫಲನ ತಡೆಯುವ ಲೇಪ, ನೀಲಿ ಬೆಳಕು ತಡೆಯುವ ಲೇಪ. ಇದರಲ್ಲಿ ನನಗೆ ಯಾವುದು ಬೇಕು, ಯಾವುದು ಬೇಡ ಎಂದು ಹೇಳಬೇಕಾದವನು ಮಾರುವವನೇ. ಕಣ್ಣಿಗೆ ಹನಿ ಹಾಕಿಸಿಕೊಂಡು ಎದುರಿಗಿರುವುದು ಸರಿಯಾಗಿ ಕಾಣದೆ ಕುಳಿತಿರುವ ಗ್ರಾಹಕನಷ್ಟು ಚೌಕಾಸಿಗೆ ಅಶಕ್ತನಾದವನನ್ನು ನಾನು ಬೇರೆ ಯಾವ ಮಾರುಕಟ್ಟೆಯಲ್ಲೂ ಕಂಡಿಲ್ಲ.

ನೀಲಿ ಬೆಳಕಿನ ಲೇಪವನ್ನೇ ತೆಗೆದುಕೊಳ್ಳಿ. ಕಂಪ್ಯೂಟರಿನ ಮುಂದೆ ಕೆಲಸ ಮಾಡುವ ಯುವಕರಿಗೆಲ್ಲ ಈಗ ಅದನ್ನು ಸೇರಿಸಿಯೇ ಬೆಲೆ ಹೇಳುತ್ತಾರೆ. 17 ಪ್ರಯೋಗಗಳನ್ನು ಒರೆಗೆ ಹಚ್ಚಿದ ಕಾಕ್ರೇನ್ ಸಮೀಕ್ಷೆ 2023ರಲ್ಲಿ ಹೊರಬಂತು. ಸಾಮಾನ್ಯ ಗಾಜಿಗೆ ಹೋಲಿಸಿದರೆ ಕಂಪ್ಯೂಟರ್ ಬಳಕೆಯಿಂದಾಗುವ ಕಣ್ಣಿನ ದಣಿವನ್ನು ಈ ಲೇಪ ಕಡಿಮೆ ಮಾಡುವಂತೆ ಕಾಣುವುದಿಲ್ಲ ಎಂಬುದು ಅದರ ತೀರ್ಮಾನ. ನನ್ನ ಅಣ್ಣನ ಮಗನ ಹದಿನಾಲ್ಕು ಸಾವಿರದ ಬಿಲ್ಲನ್ನು ತರಿಸಿ ನೋಡಿದೆ. ಅದರಲ್ಲಿ ‘ಫ್ರೇಮ್ ಮತ್ತು ಲೆನ್ಸ್’ ಎಂದು ಒಂದೇ ಸಾಲು. ಫ್ರೇಮಿಗೆಷ್ಟು, ಗಾಜಿಗೆಷ್ಟು, ಲೇಪಕ್ಕೆಷ್ಟು ಎಂಬುದು ಬ್ರಹ್ಮನಿಗೇ ಗೊತ್ತು. ಕಿರಾಣಿ ಅಂಗಡಿಯಲ್ಲಿ ಇಂಥ ಬಿಲ್ಲು ಕೊಟ್ಟರೆ ನಾವು ಸುಮ್ಮನಿರುತ್ತೇವೆಯೇ?

ಅದೇ ಮನೆಯ ಹಿರಿಯ ಮಗ ಲಕ್ಕವಳ್ಳಿಯಲ್ಲಿ ತೋಟ ನೋಡಿಕೊಳ್ಳುತ್ತಾನೆ. ಶಿವಮೊಗ್ಗ ಮಾರುಕಟ್ಟೆಯಲ್ಲಿ ನಿನ್ನೆ ರಾಶಿ ಇಡಿ ಕ್ವಿಂಟಲಿಗೆ ಎಷ್ಟಕ್ಕೆ ಹೋಯಿತು, ಬೆಟ್ಟೆಗೆ ಕನಿಷ್ಠವೆಷ್ಟು, ಗರಿಷ್ಠವೆಷ್ಟು ಎಂಬುದು ಅವನ ನಾಲಿಗೆಯ ತುದಿಯಲ್ಲಿರುತ್ತದೆ. ದಿನವೂ ಪತ್ರಿಕೆಯಲ್ಲಿ ಬರುತ್ತದೆ, ಮೊಬೈಲಿಗೂ ಬರುತ್ತದೆ. ಈ ಸ್ಥಿತಿ ತಾನಾಗಿ ಬಂದದ್ದಲ್ಲ. ವ್ಯಾಪಾರಿ ಹೇಳಿದ್ದೇ ದರ ಎಂಬ ಕಾಲವನ್ನು ಕಂಡ ಮಲೆನಾಡಿನ ಬೆಳೆಗಾರರು 1939ರಲ್ಲಿ ಮಾಮ್ಕೋಸ್ ಎಂಬ ಸಹಕಾರ ಸಂಘವನ್ನು ಕಟ್ಟಿಕೊಂಡರು. ಮುಂದೆ ನಿಯಂತ್ರಿತ ಮಾರುಕಟ್ಟೆಗಳು ಬಂದವು, ದರ ಬಹಿರಂಗವಾಯಿತು. ಮಾರುವಾಗ ಇಷ್ಟು ಜಾಣರಾದ ನಾವು ಕೊಳ್ಳುವಾಗ ಕಣ್ಣು ಮುಚ್ಚಿ ಕೊಳ್ಳುತ್ತಿದ್ದೇವೆ.

ದರ ಬಹಿರಂಗವಾದರೆ ಕನ್ನಡಕದ ಬೆಲೆ ಇಳಿಯುತ್ತದೆಯೇ ಎಂದು ಯಾರಾದರೂ ಕೇಳಬಹುದು. ಇದು ಊಹೆಯ ವಿಷಯವಲ್ಲ. ಅಮೆರಿಕದ ಕೆಲವು ರಾಜ್ಯಗಳು ಒಂದು ಕಾಲದಲ್ಲಿ ಕನ್ನಡಕದ ಜಾಹೀರಾತನ್ನು ನಿಷೇಧಿಸಿದ್ದವು, ಕೆಲವು ನಿಷೇಧಿಸಿರಲಿಲ್ಲ. ವೃತ್ತಿಯ ಗೌರವ ಕಾಪಾಡಬೇಕು, ಗ್ರಾಹಕ ಅಗ್ಗದ ಮಾಲಿಗೆ ಮರುಳಾಗಬಾರದು ಎಂಬುದು ನಿಷೇಧದ ಸಮರ್ಥನೆ. ಲೀ ಬೆನ್‌ಹ್ಯಾಮ್ ಎಂಬ ಅರ್ಥಶಾಸ್ತ್ರಜ್ಞ ಎರಡೂ ಬಗೆಯ ರಾಜ್ಯಗಳಲ್ಲಿ ಜನ ಕೊಟ್ಟ ಬೆಲೆಯನ್ನು ಹೋಲಿಸಿ 1972ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಅರ್ಥಶಾಸ್ತ್ರದ ತರಗತಿಗಳಲ್ಲಿ ಉಲ್ಲೇಖಗೊಳ್ಳುತ್ತದೆ. ನಿಷೇಧವಿದ್ದಲ್ಲಿ ಬೆಲೆ ಶೇ 25ರಿಂದ ಹಿಡಿದು ಇಮ್ಮಡಿಗೂ ಮೀರಿ ಹೆಚ್ಚಿತ್ತು. ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 1978ರಲ್ಲಿ ಒಂದು ನಿಯಮ ತಂದಿತು. ಕಣ್ಣು ಪರೀಕ್ಷೆ ಮಾಡಿದವರು, ಗ್ರಾಹಕ ಕೇಳಲಿ ಬಿಡಲಿ, ಪರೀಕ್ಷೆ ಮುಗಿದ ಕೂಡಲೇ ಚೀಟಿಯನ್ನು ಅವನ ಕೈಗೆ ಕೊಡಬೇಕು. ಅದಕ್ಕೆ ಪ್ರತ್ಯೇಕ ಹಣ ಕೇಳಬಾರದು. ನಮ್ಮಲ್ಲಿ ಕನ್ನಡಕ ಕೊಂಡರೆ ಮಾತ್ರ ಚೀಟಿ ಎನ್ನಬಾರದು. ಅಂದರೆ ನಂಬರಿನ ಒಡೆಯ ಗ್ರಾಹಕ.

ನಮ್ಮಲ್ಲಿ ಜಾಹೀರಾತಿಗೇನೂ ಕೊರತೆಯಿಲ್ಲ ನಿಜ. ಆದರೆ ಅವು ಹೇಳುವುದು ‘ಒಂದು ಕೊಂಡರೆ ಒಂದು ಉಚಿತ’, ‘ಶೇ 50ರವರೆಗೆ ರಿಯಾಯಿತಿ’ ಎಂಬುದನ್ನೇ ಹೊರತು, ಇಂಥ ಗಾಜಿಗೆ ಇಷ್ಟು ಬೆಲೆ ಎಂಬುದನ್ನಲ್ಲ. ಎರಡು ಕನ್ನಡಕ ಕೊಟ್ಟೂ ಅಂಗಡಿ ಲಾಭದಲ್ಲಿ ನಡೆಯುತ್ತದೆಂದರೆ ಒಂದರ ಬೆಲೆ ಎಷ್ಟಿರಬಹುದೆಂಬ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ಉಚಿತ ಕಣ್ಣಿನ ತಪಾಸಣೆಯೂ ಇಂಥದ್ದೇ ಒಂದು ಆಮಿಷ. ತಪಾಸಣೆಗೆ ಕೌಶಲ ಬೇಕು, ಸಮಯ ಬೇಕು, ಯಂತ್ರ ಬೇಕು. ಅದರ ಖರ್ಚು ಎಲ್ಲಿಂದಲೋ ಬರಲೇಬೇಕು. ಅದು ಗಾಜಿನ ಬೆಲೆಯಲ್ಲಿ ಅಡಗಿ ಕುಳಿತಿರುವುದರಿಂದಲೇ ಅಂಗಡಿಯವನಿಗೆ ಚೀಟಿ ಕೈಬಿಡಲು ಮನಸ್ಸಾಗುವುದಿಲ್ಲ. ಅವನ ಕಷ್ಟವೂ ಸುಳ್ಳಲ್ಲ. ದಿನಕ್ಕೆ ಎರಡು ಮೂರು ಕನ್ನಡಕ ಮಾರುವ ಅಂಗಡಿಯ ಬಾಡಿಗೆ, ವಿದ್ಯುತ್ತು, ಕೆಲಸದವರ ಸಂಬಳವೆಲ್ಲ ಆ ಎರಡು ಮೂರು ಕನ್ನಡಕಗಳ ಮೇಲೆಯೇ ಬೀಳಬೇಕು. ತರೀಕೆರೆಯ ಅಂಗಡಿಯಾತ ನೂರು ರೂಪಾಯಿ ಕೇಳಿದ್ದು ನನಗೆ ಬೇಸರ ತರಲಿಲ್ಲ, ಸಮಾಧಾನ ತಂದಿತು. ಪರೀಕ್ಷೆಗೆ ನ್ಯಾಯವಾದ ಶುಲ್ಕವನ್ನು ಬೇರೆಯಾಗಿ ಕೊಡೋಣ; ಚೀಟಿಯನ್ನು ಹಕ್ಕಿನಿಂದ ಪಡೆಯೋಣ.

ಚೀಟಿ ಎಂದರೆ ಪೂರ್ತಿ ಚೀಟಿ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕನ್ನಡಕ ಮಾಡಲು ನಂಬರಿನ ಜತೆಗೆ ಎರಡು ಕಣ್ಣಪಾಪೆಗಳ ನಡುವಿನ ಅಂತರ ಬೇಕು. ಇದನ್ನು ಮಿಲಿಮೀಟರಿನಲ್ಲಿ ಬರೆಯುತ್ತಾರೆ. ಪ್ರೊಗ್ರೆಸಿವ್ ಗಾಜಿಗೆ, ಆರಿಸಿದ ಫ್ರೇಮಿನಲ್ಲಿ ಪಾಪೆಯ ಎತ್ತರ ಎಲ್ಲಿ ಬರುತ್ತದೆಂಬುದೂ ಬೇಕು. ಅದನ್ನು ಫ್ರೇಮು ಹಾಕಿಸಿಯೇ ಅಳೆಯಬೇಕು, ಆದ್ದರಿಂದ ಆ ಮಾತು ಬೇರೆ. ಆದರೆ ಪಾಪೆಗಳ ಅಂತರ ವಯಸ್ಕರಲ್ಲಿ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಒಮ್ಮೆ ಅಳೆದು ಬರೆದುಕೊಟ್ಟರೆ ಬಹುಕಾಲ ಸಾಕು. ನನ್ನ ಬಳಿ ಉಳಿದಿರುವ ಕಳೆದ ಇಪ್ಪತ್ತು ವರ್ಷಗಳ ಚೀಟಿಗಳನ್ನು ಹರಡಿಕೊಂಡು ನೋಡಿದೆ. ಒಂದರಲ್ಲೂ ಆ ಅಂಕಿ ಇರಲಿಲ್ಲ. ಅಮೆರಿಕದ 1978ರ ನಿಯಮವೂ ಇದನ್ನು ಕಡ್ಡಾಯ ಮಾಡದೆ ಒಂದು ಕಿಂಡಿ ಬಿಟ್ಟಿದೆ. ನಾವು ನಿಯಮ ಮಾಡುವುದಾದರೆ ಆ ಕಿಂಡಿಯನ್ನು ಮುಚ್ಚಿಯೇ ಮಾಡುವುದು ಒಳಿತು.

ನಿಯಮ ಮಾಡಲು ಹೊಸ ಕಾಯ್ದೆಯನ್ನೇ ತರಬೇಕೆಂದು ನನಗನ್ನಿಸುವುದಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ಔಷಧವನ್ನು ಎಲ್ಲಿ ಕೊಳ್ಳಬೇಕು, ಪರೀಕ್ಷೆಯನ್ನು ಎಲ್ಲಿ ಮಾಡಿಸಬೇಕು ಎಂಬುದನ್ನು ರೋಗಿಯೇ ನಿರ್ಧರಿಸುವ ಹಕ್ಕನ್ನು ಗುರುತಿಸಲಾಗಿದೆ. ಅದಕ್ಕೆ ಕನ್ನಡಕವನ್ನು ಸೇರಿಸುವುದು ಒಂದು ಪದದ ಮಾತು. ಕಣ್ಣಿನ ಆಸ್ಪತ್ರೆ, ಕ್ಲಿನಿಕ್‌ಗಳ ಮಟ್ಟಿಗೆ ನಮ್ಮದೇ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007 ಇದೆ. ವೈದ್ಯರು ಬರೆದ ಚೀಟಿ ರೋಗಿಯ ಕೈಗೆ ಬಾರದೆ ಸಿಬ್ಬಂದಿಯ ಕೈಯಲ್ಲಿ ನೇರವಾಗಿ ಕೆಳಮಹಡಿಯ ಕನ್ನಡಕದಂಗಡಿಗೆ ಇಳಿದುಹೋಗುವ ದೃಶ್ಯ ಅನೇಕ ಓದುಗರಿಗೆ ಪರಿಚಿತವಿರಬೇಕು. ಇನ್ನು ಕಣ್ಣು ಪರೀಕ್ಷಿಸುವ ಆಪ್ಟೋಮೆಟ್ರಿಸ್ಟರು 2021ರ ರಾಷ್ಟ್ರೀಯ ಸಹವರ್ತಿ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಬಂದಿದ್ದಾರೆ. ಅವರ ವೃತ್ತಿ ಸಂಹಿತೆ ರೂಪಿಸುವಾಗ ಪೂರ್ತಿ ಚೀಟಿ ಕೊಡುವುದನ್ನು ಕರ್ತವ್ಯವೆಂದು ಬರೆದರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ಬಿಲ್ಲಿನದು ಮತ್ತು ಬೋರ್ಡಿನದು. ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಯಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ನ್ಯಾಯಬೆಲೆ ಅಂಗಡಿಯ ಮುಂದೆ ದಾಸ್ತಾನು ಮತ್ತು ದರದ ಕಪ್ಪುಹಲಗೆ ಇಲ್ಲದಿದ್ದರೆ ನೋಟಿಸು ಜಾರಿ ಮಾಡುತ್ತಿದ್ದೆವು. ಆ ಹಲಗೆಯಿಂದ ಎಲ್ಲ ಅಕ್ರಮ ನಿಂತಿತೆಂದು ಹೇಳಲಾರೆ. ಆದರೆ ಸಕ್ಕರೆಯ ದರ ಎಷ್ಟೆಂದು ಅಕ್ಷರ ಬಲ್ಲ ಮಗುವಿಗೂ ಗೊತ್ತಿರುತ್ತಿತ್ತು. ಕನ್ನಡಕದಂಗಡಿಯಲ್ಲಿ ಅತಿ ಸಾಮಾನ್ಯವಾದ ನಾಲ್ಕೈದು ಬಗೆಯ ಗಾಜಿನ ಬೆಲೆಯನ್ನು ಅಂಥ ಹಲಗೆಯ ಮೇಲೆ ಬರೆಸುವುದು, ಬಿಲ್ಲಿನಲ್ಲಿ ಫ್ರೇಮು, ಗಾಜು, ಲೇಪಗಳನ್ನು ಬೇರೆ ಬೇರೆ ಸಾಲಿನಲ್ಲಿ ನಮೂದಿಸುವುದು ದೊಡ್ಡ ಕ್ರಾಂತಿಯೇನಲ್ಲ.

ಹೃದಯದ ಸ್ಟೆಂಟಿಗೆ ಮಾಡಿದಂತೆ ಕನ್ನಡಕಕ್ಕೂ ಸರ್ಕಾರವೇ ಗರಿಷ್ಠ ಬೆಲೆ ನಿಗದಿ ಮಾಡಬಾರದೇಕೆ ಎಂದು ಸ್ನೇಹಿತರೊಬ್ಬರು ವಾದಿಸಿದರು. 2017ರ ಫೆಬ್ರುವರಿಯಲ್ಲಿ ಸ್ಟೆಂಟಿನ ಬೆಲೆಗೆ ಮಿತಿ ಹಾಕಿದ್ದು ಸರಿಯಾದ ಕ್ರಮವೆಂದು ನಾನೂ ಒಪ್ಪುತ್ತೇನೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವನು ಅಂಗಡಿ ಸುತ್ತಲಾರ. ಕನ್ನಡಕ ಕೊಳ್ಳುವವನು ಸುತ್ತಬಲ್ಲ, ಕೈಯಲ್ಲಿ ಚೀಟಿ ಇದ್ದರೆ. ಫ್ರೇಮುಗಳಲ್ಲಿ ಸಾವಿರ ನಮೂನೆಗಳಿವೆ. ಒಂದಕ್ಕೆ ಮಿತಿ ಹಾಕಿದರೆ ಮರುದಿನ ಹೊಸ ಹೆಸರಿನ ಇನ್ನೊಂದು ಬರುತ್ತದೆ. ದರ ನಿಯಂತ್ರಣದ ಕಡತಗಳನ್ನು ಹೊತ್ತು ತಿರುಗಿದವನಿಗೆ ಅದರ ಮಿತಿಯೂ ಗೊತ್ತು.

ಆದರೆ ಬರಿಯ ಸ್ಪರ್ಧೆಯನ್ನೇ ನೆಚ್ಚಿ ಕೂರಲಾಗದ ಒಂದು ಜಾಗವಿದೆ. ಅದು ಲಕ್ಕವಳ್ಳಿಯಂಥ ಊರು. ಇಲ್ಲಿ ಚೀಟಿ ಹಿಡಿದು ಸುತ್ತಲು ಅಂಗಡಿಗಳಿಲ್ಲ, ಚೀಟಿ ಬರೆಯುವವರೇ ಇಲ್ಲ. ಅತ್ತಿಗೆಯಂಥವರಿಗೆ ಬೆಲೆಯ ಜತೆಗೆ ಬಸ್ಸಿನ ಖರ್ಚು, ಒಂದು ದಿನದ ಕೆಲಸ, ಜತೆಗೆ ಬರುವವರ ಒಂದು ದಿನದ ಕೆಲಸ ಎಲ್ಲವೂ ಸೇರುತ್ತದೆ. ಆ ಜಗುಲಿಯಲ್ಲಿ ಕುಳಿತಿದ್ದ ಆಳುಗಳಲ್ಲಿ ನಲವತ್ತು ದಾಟಿದ ಐವರು ಹೆಂಗಸರಿದ್ದರು. ಯಾರ ಬಳಿಯೂ ಕನ್ನಡಕವಿರಲಿಲ್ಲ. ಅಡಿಕೆಯನ್ನು ಕಣ್ಣಿಗೆ ಹತ್ತಿರವಲ್ಲ, ಕೈ ಚಾಚಿದಷ್ಟೂ ದೂರ ಹಿಡಿದು ನೋಡುತ್ತಿದ್ದರು. ಚಾಳೀಸಿನ ಲಕ್ಷಣ ಅದು. ಇದು ಕಾಯಿಲೆಯಲ್ಲ, ನಲವತ್ತರ ನಂತರ ಎಲ್ಲರಿಗೂ ಬರುವಂಥದ್ದು. ಆದರೆ ಕೆಲಸದ ಲೆಕ್ಕದಲ್ಲಿ ಹಿಡಿದ ದುಡಿಮೆಗೆ ಅದು ಎಷ್ಟು ಹೊಡೆತ ಕೊಡುತ್ತದೆ ಎಂಬುದನ್ನು ಅಸ್ಸಾಮಿನ ಚಹಾ ತೋಟಗಳಲ್ಲಿ ಅಳೆದು ನೋಡಿದ್ದಾರೆ. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ನಲವತ್ತು ಮೀರಿದ 751 ಎಲೆ ಕೀಳುವವರ ಪೈಕಿ ಅರ್ಧದಷ್ಟು ಮಂದಿಗೆ ಸಾದಾ ಚಾಳೀಸು ಕನ್ನಡಕ ಕೊಟ್ಟರು. ಕನ್ನಡಕ ಪಡೆಯದವರಿಗೆ ಹೋಲಿಸಿದರೆ ಅವರು ದಿನಕ್ಕೆ ಕೀಳುವ ಎಲೆಯ ತೂಕ ಶೇ 21.7ರಷ್ಟು ಹೆಚ್ಚು ಏರಿತು. ಐವತ್ತು ದಾಟಿದವರಲ್ಲಿ ಏರಿಕೆ ಇನ್ನೂ ಹೆಚ್ಚು. ತೂಕಕ್ಕೆ ತಕ್ಕಂತೆ ಕೂಲಿ ಪಡೆಯುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಯುವವರ, ಅಡಿಕೆ ಸುಲಿಯುವವರ ಲೆಕ್ಕವೂ ಇದಕ್ಕಿಂತ ಬಹಳ ಬೇರೆಯಾಗಿರಲಾರದು.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. 1976ರಿಂದ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವಿದೆ. ತೆಲಂಗಾಣ 2018ರಲ್ಲಿ ಕಂಟಿ ವೆಲುಗು ಎಂಬ ಹೆಸರಿನಲ್ಲಿ ಇಡೀ ರಾಜ್ಯದ ಕಣ್ಣು ತಪಾಸಣೆಗೆ ಹೊರಟಿತು. ನಮ್ಮ ರಾಜ್ಯದ ಆಶಾಕಿರಣ ಯೋಜನೆಯಲ್ಲಿ ಮನೆಮನೆಗೆ ಹೋಗಿ ತಪಾಸಣೆ ಮಾಡಿ ಉಚಿತ ಕನ್ನಡಕ ಕೊಡುವ ಕೆಲಸ ನಡೆದಿದೆ. ಹಿಂದೆ ಡಾ. ಎಂ.ಸಿ. ಮೋದಿಯವರ ನೇತ್ರ ಶಿಬಿರಗಳಿಗೆ ಹಳ್ಳಿಗಳಿಗೆ ಹಳ್ಳಿಗಳೇ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದುದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಶಿಬಿರಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಪೊರೆಯ ಶಸ್ತ್ರಚಿಕಿತ್ಸೆ ಕಣ್ಣಿಗೊಮ್ಮೆ ಮುಗಿಯುವಂಥದ್ದು. ಕನ್ನಡಕ ಮುರಿಯುತ್ತದೆ, ಕಳೆಯುತ್ತದೆ, ನಂಬರು ಬದಲಾಗುತ್ತದೆ. ಮೂರು ವರ್ಷದ ನಂತರ ಎಲ್ಲಿಗೆ ಹೋಗಬೇಕು? ಬ್ರಿಟನ್ನಿನಲ್ಲಿ 1948ರಲ್ಲಿ ಉಚಿತ ಆರೋಗ್ಯ ಸೇವೆ ಆರಂಭವಾದಾಗ ಕನ್ನಡಕಕ್ಕೆ ಮುಗಿಬಿದ್ದ ಜನರನ್ನು ಕಂಡು ಸರ್ಕಾರವೇ ತತ್ತರಿಸಿತು. 1951ರಲ್ಲಿ ಕನ್ನಡಕ ಮತ್ತು ಕಟ್ಟಿಸಿದ ಹಲ್ಲಿಗೆ ಅರ್ಧ ಬೆಲೆ ವಸೂಲು ಮಾಡಲು ಹೊರಟಾಗ, ಆ ಸೇವೆಯ ಶಿಲ್ಪಿಯಾದ ಅನೈರಿನ್ ಬೆವನ್ ಮಂತ್ರಿ ಪದವಿಗೇ ರಾಜೀನಾಮೆ ಕೊಟ್ಟರು. ಕನ್ನಡಕಕ್ಕಾಗಿ ಕುರ್ಚಿ ಬಿಟ್ಟ ಮಂತ್ರಿ ನಮ್ಮಲ್ಲಿ ಸಿಗುವುದು ಕಷ್ಟ, ಇರಲಿ.

ಎಲ್ಲರಿಗೂ ಎಂದೆಂದಿಗೂ ಉಚಿತ ಎಂಬುದಕ್ಕಿಂತ, ಹೋಬಳಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆ ನಿಗದಿಯಾದ ಒಂದು ದಿನ ತಪ್ಪದೆ ಬರುವ ಒಬ್ಬ ಪರೀಕ್ಷಕ, ಅವನ ಬಳಿ ಬೆಲೆ ಬರೆದ ಒಂದು ಪೆಟ್ಟಿಗೆ ಸಾದಾ ಕನ್ನಡಕ, ಇಷ್ಟಿದ್ದರೆ ಹೆಚ್ಚಿನವರ ಕೆಲಸ ಆಗುತ್ತದೆ. ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆ ಇದೇ ಬಗೆಯ ಗ್ರಾಮೀಣ ದೃಷ್ಟಿ ಕೇಂದ್ರಗಳನ್ನು ನಡೆಸಿ ತೋರಿಸಿದೆ. ಅದೇ ಆಸ್ಪತ್ರೆಯವರು 1992ರಲ್ಲಿ ಔರೋಲ್ಯಾಬ್ ಸ್ಥಾಪಿಸಿ, ಪೊರೆ ತೆಗೆದ ಮೇಲೆ ಕಣ್ಣೊಳಗೆ ಇಡುವ ಮಸೂರವನ್ನು ತಾವೇ ತಯಾರಿಸತೊಡಗಿದರು. ನೂರು ಡಾಲರು ಮತ್ತು ಅದಕ್ಕೂ ಮೇಲಿದ್ದ ಮಸೂರದ ಬೆಲೆ ಹತ್ತು ಡಾಲರಿನ ಆಸುಪಾಸಿಗೆ ಇಳಿಯಿತು. ಕಡಿಮೆ ಬೆಲೆಯ ಒಬ್ಬ ನಂಬಿಕಸ್ಥ ಮಾರಾಟಗಾರ ಮಾರುಕಟ್ಟೆಗೆ ಬಂದರೆ ಸಾಕು, ಉಳಿದವರು ತಮ್ಮ ದರವನ್ನು ಮತ್ತೊಮ್ಮೆ ನೋಡಿಕೊಳ್ಳುತ್ತಾರೆ. ಹೋಬಳಿಯ ಆ ಪೆಟ್ಟಿಗೆ ತರೀಕೆರೆಯ ಅಂಗಡಿಯಾತನ ಹೊಟ್ಟೆಯ ಮೇಲೆ ಹೊಡೆಯುವುದಿಲ್ಲವೇ ಎಂಬ ಪ್ರಶ್ನೆ ನನ್ನನ್ನೂ ಕಾಡಿತು. ಈವರೆಗೆ ಕನ್ನಡಕವನ್ನೇ ಕೊಳ್ಳದವರು ಆ ಪೆಟ್ಟಿಗೆಯ ಗಿರಾಕಿಗಳು. ಅವರು ಅವನ ಗಿರಾಕಿಗಳಾಗಿರಲಿಲ್ಲ.

ಸಂತೆಯಲ್ಲಿ, ಬಸ್‌ನಿಲ್ದಾಣದಲ್ಲಿ ನೂರಿನ್ನೂರು ರೂಪಾಯಿಗೆ ಸಿಗುವ ಸಿದ್ಧ ಚಾಳೀಸುಗಳೇ ಸಾಕಲ್ಲ ಎನ್ನುವವರಿದ್ದಾರೆ. ಎರಡೂ ಕಣ್ಣಿನ ನಂಬರು ಒಂದೇ ಇದ್ದು, ಬೇರೆ ದೋಷವಿಲ್ಲದಿದ್ದರೆ ಅವು ಸಾಕು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದಾಗುವ ಅಕ್ಷಿಪಟಲದ ಹಾನಿ ಇವೆಲ್ಲ ಸಂತೆಯ ಕನ್ನಡಕದ ಹಿಂದೆ ಮರೆಯಾಗಿ ಬೆಳೆಯಬಹುದು. ಅತ್ತಿಗೆಯ ಬಲಗಣ್ಣಿನಲ್ಲಿ ಪೊರೆ ಶುರುವಾಗಿದೆ ಎಂದು ತಿಳಿದದ್ದು ತರೀಕೆರೆಯ ಆ ಕತ್ತಲ ಕೋಣೆಯಲ್ಲಿಯೇ. ಅಣ್ಣನ ಕನ್ನಡಕದಲ್ಲಿ ‘ಒಂದು ಕಣ್ಣಿಗೆ’ ಮಾತ್ರ ಕಾಣುತ್ತಿದ್ದುದರ ಗುಟ್ಟು ಅದು.

ಹೊಸ ಕನ್ನಡಕ ಬಂದ ಮರುದಿನ ಅತ್ತಿಗೆ ಹೂಬತ್ತಿಯ ಬುಟ್ಟಿಯನ್ನು ಒಳಗಿಟ್ಟು ಜಗುಲಿಗೆ ಬಂದರು. ಆರಿಸಿ ಮುಗಿದಿದ್ದ ಒಂದು ಗುಡ್ಡೆಯ ಮುಂದೆ ಕುಳಿತು ಎರಡು ಹಿಡಿ ಅಡಿಕೆ ತೆಗೆದು ನೋಡಿ, ಇದರೊಳಗೆ ಗೊರಬಲು ಸೇರಿಸಿದವರು ಯಾರು ಎಂದು ಗದರಿದರು. ನಾಲ್ಕು ವರ್ಷಗಳಿಂದ ಈ ಮನೆಯ ಅಡಿಕೆಗೆ ಎಷ್ಟು ದರ ತಪ್ಪಿಹೋಗಿದೆಯೋ ಎಂದು ಅಣ್ಣನ ಮಗ ಲೆಕ್ಕ ಹಾಕುತ್ತಾ ನಿಂತಿದ್ದ.

ಬೆಂಗಳೂರಿನ ಮಳಿಗೆಗೆ ನನ್ನ ನಂಬರನ್ನು ಕೊಡಿರೆಂದು ಲಿಖಿತವಾಗಿ ಕೇಳಿದ್ದೇನೆ, ಉತ್ತರ ಬಂದಿಲ್ಲ. ತರೀಕೆರೆಯ ಅಂಗಡಿಯಾತ ಕೇಳುವ ಮೊದಲೇ ಬಿಲ್ಲಿನ ಹಿಂಬದಿಯಲ್ಲಿ ಎರಡೂ ಕಣ್ಣಿನ ನಂಬರು ಬರೆದು, ಕೆಳಗೆ 64 ಎಂದು ಬರೆದು ಗೆರೆ ಎಳೆದಿದ್ದ. ಅದೇನೆಂದು ಕೇಳಿದೆ. ‘ಪಾಪೆ ಅಂತರ ಸಾರ್, ಎಲ್ಲಾದ್ರೂ ಮಾಡಿಸ್ಕೊಳ್ಳೋಕೆ ಬೇಕಾಗತ್ತೆ’ ಎಂದ. ಆ ಬಿಲ್ಲು ನನ್ನ ಜೇಬಿನಲ್ಲಿದೆ, ಒಂದು ನಕಲು ಲಕ್ಕವಳ್ಳಿಯ ಮನೆಯ ಕಪಾಟಿನಲ್ಲಿದೆ. ಮುಂದಿನ ತಿಂಗಳು ಅತ್ತಿಗೆಯನ್ನು ಬಲಗಣ್ಣಿನ ಪರೀಕ್ಷೆಗೆ ಶಿವಮೊಗ್ಗಕ್ಕೆ ಕರೆದೊಯ್ಯಬೇಕು.